ಕಟ್ಟಿದ ದಿನದ ಮಾತೇ ಮಾತು!

ಆನ್‌ಲೈನ್ ಕೋರ್ಸಿಗೆ ರೊಕ್ಕ ಕಟ್ಟಿದ ಬೀದರ್, ಭಾಲ್ಕಿ, ಔರಾದ್‌ನ ತಾಯಂದಿರೇ, ತಂದೆಯರೇ, ವಿದ್ಯಾರ್ಥಿಗಳೇ,

ಗಾಂಧಿ ಗಂಜಿನಲ್ಲಿ ಬೆಳಿಗ್ಗೆ ನಿಮ್ಮ ಸೋಯಾಕ್ಕೆ ದರ ಬರೆದು ಚೀಟಿ ಕೊಟ್ಟ ಅಡತಿಯವರು, ಸಂಜೆ ರೊಕ್ಕ ಎಣಿಸುವಾಗ "ನಮ್ಮ ನಿಯಮ ಬದಲಾಗಿದೆ" ಅಂದರೆ ಸುಮ್ಮನೆ ಎದ್ದು ಬರುತ್ತೀರಾ? ಗಂಜ್ ತುಂಬ ಕೇಳಿಸುವಂತೆ ಜಗಳ ತೆಗೆಯುತ್ತೀರಿ. ಅದೇ ಮಾತನ್ನು ಮೊಬೈಲಿನಲ್ಲಿ ಕೋರ್ಸ್ ಮಾರಿದವರು ಹೇಳಿದರೆ ಮಾತ್ರ ತಲೆ ತಗ್ಗಿಸುತ್ತೇವೆ. ಕಂಪನಿ ದೊಡ್ಡದು, ಆಫೀಸು ಎಲ್ಲೋ, ಷರತ್ತು ಇಂಗ್ಲಿಷಿನಲ್ಲಿ.

ನೀಟ್, ಪಿಎಸ್‌ಐ, ಪಿಡಿಒ, ಕೋಡಿಂಗ್, ಯಾವುದೋ ಒಂದಕ್ಕೆ ಫೋನ್ ಬರುತ್ತದೆ. "ಇವತ್ತೇ ಕೊನೆಯ ದಿನ ಸರ್, ಹಿಡಿಸದಿದ್ದರೆ 15 ದಿನದೊಳಗೆ ಪೂರ್ತಿ ವಾಪಸ್." ಮಗಳು ನಾಲ್ಕು ವಿಡಿಯೊ ನೋಡಿ ಬೇಡ ಅನ್ನುತ್ತಾಳೆ. ರೊಕ್ಕ ಕೇಳಲು ಹೋದರೆ ಆ್ಯಪಿನಲ್ಲಿ 15 ಇದ್ದದ್ದು 7 ಆಗಿರುತ್ತದೆ, ಇಲ್ಲವೇ "ಒಂದು ಪಾಠ ತೆರೆದರೂ ರಿಫಂಡ್ ಇಲ್ಲ" ಎಂಬ ಹೊಸ ಸಾಲು ಬಂದು ಕೂತಿರುತ್ತದೆ.

ಆ ಹೊಸ ಸಾಲು ಹೊಸಬರಿಗೆ. ನೀವು ಕಟ್ಟಿದ ದಿನ ಇದ್ದ ಷರತ್ತೇ ನಿಮ್ಮ ಕರಾರು. ಆದ ಕರಾರನ್ನು ಬದಲಿಸಲು ಎರಡೂ ಕಡೆಯವರು ಒಪ್ಪಬೇಕು ಎಂಬುದು 1872ರಿಂದ ಇರುವ ಕರಾರು ಕಾಯ್ದೆಯ ಮಾತು. ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದಲ್ಲಿ, ಕೊರತೆಯಿರುವ ಸೇವೆಯ ಹಣ ವಾಪಸ್ ಮಾಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಆದರೆ ಒಂದು ಮಾತು ನೇರವಾಗಿ ಹೇಳಬೇಕು: ಬರೀ ಮನಸ್ಸು ಬದಲಾಯಿತೆಂದು ಕಾಯ್ದೆ ರೊಕ್ಕ ಕೊಡಿಸುವುದಿಲ್ಲ. ಅವರು ಕೊಟ್ಟ ಮಾತಿಗೆ ನಿಮ್ಮ ಹತ್ತಿರ ಸಾಕ್ಷಿ ಇರಬೇಕು. ಕಟ್ಟುವ ದಿನವೇ ರಿಫಂಡ್ ನಿಯಮದ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಫೋನಿನಲ್ಲಿ ಹೇಳಿದ್ದನ್ನು ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಲು ಹೇಳಿ. ಕಳಿಸದವರಿಗೆ ರೊಕ್ಕವನ್ನೂ ಕಳಿಸಬೇಡಿ.

"ಶಿಕ್ಷಣಕ್ಕೆ ಗ್ರಾಹಕ ಕಾಯ್ದೆ ಅನ್ವಯಿಸದು" ಎಂದು ಹೆದರಿಸುವವರಿದ್ದಾರೆ. 2020ರ ಜನವರಿಯಲ್ಲಿ ಮನು ಸೋಲಂಕಿ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕಾಲೇಜು, ವಿಶ್ವವಿದ್ಯಾಲಯಗಳನ್ನು ಹೊರಗಿಟ್ಟಿತು. ಕೋಚಿಂಗ್ ಕೇಂದ್ರಗಳನ್ನು ಬಿಡಲಿಲ್ಲ.

ಕಂತಿನಲ್ಲಿ ಕಟ್ಟಿದವರು ಇದನ್ನು ಎರಡು ಸಲ ಓದಿ. ಆ ಕಂತು ಎಷ್ಟೋ ಸಲ ಫೀ ಅಲ್ಲ, ಬೇರೊಂದು ಕಂಪನಿ ನಿಮ್ಮ ಹೆಸರಿನಲ್ಲಿ ಕೊಟ್ಟ ಸಾಲ. ಕೋರ್ಸ್ ಬಿಟ್ಟರೂ ಅದು ಓಡುತ್ತದೆ. ಸಿಟ್ಟಿನಲ್ಲಿ ನಿಲ್ಲಿಸಿದರೆ ನಾಳೆ ಬೆಳೆಸಾಲಕ್ಕೆ ಹೋದಾಗ ಸಿಬಿಲ್ ಅಡ್ಡ ಬರುತ್ತದೆ. ಮೊಬೈಲಿನಲ್ಲಿ ಪಡೆದ ಸಾಲವನ್ನು ಮೊದಲ ದಿನಗಳಲ್ಲೇ ದಂಡವಿಲ್ಲದೆ ಬಿಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಎಷ್ಟು ದಿನ ಎಂಬುದು ಸಾಲದ ಕಾಗದದಲ್ಲಿರುತ್ತದೆ, ಓದಿಸಿಕೊಳ್ಳಿ.

ತಡ ಮಾಡಬೇಡಿ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಹೆಸರು ಹಾಕಿಸಿಕೊಂಡಿದ್ದ ಬೈಜೂಸ್ ಕಂಪನಿಯೇ 2024ರ ಜುಲೈ 16ರಂದು ದಿವಾಳಿ ಪ್ರಕ್ರಿಯೆಗೆ ಹೋಯಿತು. ಕಂಪನಿ ಆ ಬಾಗಿಲು ದಾಟಿತೆಂದರೆ ಅದರ ಮೇಲಿನ ಕೇಸುಗಳು ನಿಂತಲ್ಲೇ ನಿಲ್ಲುತ್ತವೆ, ಸಾಲ ಕೊಟ್ಟವರ ಸಾಲಿನಲ್ಲಿ ನಾವೂ ನಿಲ್ಲಬೇಕು.

ಹಾಗಾಗಿ ಇವತ್ತೇ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆಯಿರಿ. 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕೆಂದು 2020ರ ಇ-ಕಾಮರ್ಸ್ ನಿಯಮವಿದೆ. ಜೊತೆಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ. ಅಲ್ಲಿಗೂ ಬಗ್ಗದಿದ್ದರೆ ಬೀದರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಕರಾರಿನಲ್ಲಿ "ಬೆಂಗಳೂರು ಕೋರ್ಟ್ ಮಾತ್ರ" ಎಂದು ಬರೆದಿದ್ದರೂ ಅಂಜಬೇಡಿ. ಗ್ರಾಹಕ ಎಲ್ಲಿ ವಾಸಿಸುತ್ತಾನೋ ಅಲ್ಲೇ ದೂರು ಕೊಡಬಹುದು ಎಂದು 2019ರ ಕಾಯ್ದೆಯ 34ನೇ ಕಲಂ ಹೇಳುತ್ತದೆ. ಔರಾದಿನವರು 700 ಕಿ.ಮೀ. ಬಸ್ಸು ಹತ್ತುವ ಕಾಲ ಮುಗಿಯಿತು. 5 ಲಕ್ಷದವರೆಗೆ ಕಟ್ಟಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತೊಂದರೆಯಾದ ದಿನದಿಂದ 2 ವರ್ಷದೊಳಗೆ ಮಾತ್ರ.

ಬರೆಯಲು ಬಾರದವರು, ಕಾಗದ ನೋಡಿದರೇ ಗಾಬರಿಯಾಗುವವರು 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಪುಕ್ಕಟೆ.

ಡಿಸೆಂಬರ್ 24 ರಾಷ್ಟ್ರೀಯ ಗ್ರಾಹಕರ ದಿನ. ಅಂದು ಭಾಷಣ ಕೇಳಿ ಬರುವ ಬದಲು, ಅಷ್ಟರೊಳಗೆ ನಿಮ್ಮ ಓಣಿಯಿಂದ ಒಂದಾದರೂ ದೂರು ಹೋಗಲಿ. ರಶೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಕ್ರೀನ್‌ಶಾಟ್ ಮೂರನ್ನೂ ಇವತ್ತು ರಾತ್ರಿಯೇ ಹುಡುಕಿ ಒಂದು ಕಡೆ ಇಡಿ. ಈ ಚೀಟಿಯನ್ನು ಬಿಸಾಡದೆ ಪಕ್ಕದ ಮನೆಗೆ ಕೊಡಿ.

ಇಂತಿ,
ರೊಕ್ಕ ಕಟ್ಟಿ ಕಲಿತ ಕೆಲವು ಪಾಲಕರು