ನಾಲ್ಕು ಜನ ಬೇಕು

"ಮನುಷ್ಯನಿಗೆ ನಾಲ್ಕು ಜನ ಬೇಕು" ಎಂಬುದು ಕನ್ನಡನಾಡಿನ ಹಿರಿಯರು ಕಿರಿಯರಿಗೆ ಹೇಳುತ್ತ ಬಂದ ಬುದ್ಧಿಮಾತು. ನೆರೆಹೊರೆಯವರೊಡನೆ ಜಗಳವಾಡಿ ಬಂದವನಿಗೂ ಇದೇ ಮಾತು. ಮದುವೆ ಮುಂಜಿಗಳಿಗೆ ಹೋಗದೆ ಮನೆಯಲ್ಲಿ ಕುಳಿತವನಿಗೂ ಇದೇ ಮಾತು. ಕಡೆಯ ಪಯಣದಲ್ಲಿ ಹೆಗಲು ಕೊಡತಕ್ಕವರ ನೆನಪೂ ಅದರ ಹಿಂದೆ ಅಡಗಿರುವುದರಿಂದಲೇ ಅದಕ್ಕೆ ಅಷ್ಟು ತೂಕ. ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಈ ಮಾತನ್ನು ಬಲ್ಲವರು ವಿರಳ. ಆದರೆ ಅಕ್ಟೋಬರಿನಿಂದ ಮಾರ್ಚಿಯವರೆಗೆ, ವಾರದ ಕೊನೆಯ ಬೆಳಗುಗಳಲ್ಲಿ, ಉಣ್ಣೆಯ ಟೋಪಿ ತೊಟ್ಟು, ಬಗಲಿನಲ್ಲಿ ರ‍್ಯಾಕೆಟ್ ಇಟ್ಟುಕೊಂಡು ಊರಿನ ಟೆನ್ನಿಸ್ ಕ್ಲಬ್ಬಿನ ಬಾಗಿಲಿಗೆ ಬಂದು ನಿಲ್ಲುವ ಹಿರಿಯರನ್ನು ಕಂಡರೆ, ಈ ಮಾತನ್ನು ಬಾಯಿಂದ ಆಡದೆಯೇ ಬಾಳಿನಲ್ಲಿ ನಡೆಸುವವರು ಇವರು ಎನ್ನಬೇಕಾಗುತ್ತದೆ.

ಟೆನ್ನಿಸ್ ಎಂದೊಡನೆ ಕಣ್ಣಿಗೆ ಕಟ್ಟುವುದು ವಿಂಬಲ್ಡನ್ನಿನ ಹಸಿರು ಹುಲ್ಲು, ಬಿಳಿಯ ಉಡುಪು, ಬೇಸಗೆಯ ಎಳೆಬಿಸಿಲು. ಅದು ತಪ್ಪೂ ಅಲ್ಲ. ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಎಂಬಾತನು 1874ರಲ್ಲಿ ಈ ಆಟಕ್ಕೆ ಹಕ್ಕುಪತ್ರವನ್ನು ಪಡೆದಾಗ ಅದು ಅನುಕೂಲವಂತರ ತೋಟದ ಹುಲ್ಲುಹಾಸಿನ ವಿನೋದವಾಗಿತ್ತು. 1877ರಲ್ಲಿ ವಿಂಬಲ್ಡನ್ನಿನ ಮೊದಲ ಪಂದ್ಯಾವಳಿ ನಡೆದುದೂ ಜುಲೈ ತಿಂಗಳಿನಲ್ಲಿಯೇ. ಶರತ್ಕಾಲದ ಮಳೆ ಹಿಡಿದೊಡನೆ ಹುಲ್ಲಿನ ಅಂಗಳಗಳಿಗೆ ಬೀಗ ಬೀಳುತ್ತದೆ. ಚಳಿಗಾಲದ ಆಟಕ್ಕೆ ಉಳಿಯುವುದು ಟಾರು ಜಲ್ಲಿಗಳ ಗಟ್ಟಿ ಅಂಗಳ, ಇಲ್ಲವೆ ಮರಳು ತುಂಬಿದ ಕೃತಕ ಹುಲ್ಲಿನ ಅಂಗಳ. ಡಿಸೆಂಬರಿನಲ್ಲಿ ಲಂಡನ್ನಿನ ಸೂರ್ಯನು ಮಧ್ಯಾಹ್ನದ ನಾಲ್ಕು ಗಂಟೆಯನ್ನೂ ಕಾಯದೆ ಮುಳುಗಿಹೋಗುತ್ತಾನೆ. ಬೆಳಗ್ಗೆ ಅಂಗಳದ ಮೇಲೆ ಹಿಮದ ಪದರ ಕಟ್ಟಿದ್ದರೆ ಅದು ಕರಗುವವರೆಗೂ ಆಟವಿಲ್ಲ. ನೆರಳು ಬಿದ್ದ ಮೂಲೆಯಲ್ಲಿ ಪಾಚಿ ಬೆಳೆದಿದ್ದರೆ ಅದನ್ನು ಉಜ್ಜಿ ತೆಗೆಯತಕ್ಕವರೂ ಸದಸ್ಯರೇ. ಇಷ್ಟೆಲ್ಲ ತೊಡಕಿನ ನಡುವೆಯೂ ಚಳಿಗಾಲದ ಲೀಗ್ ನಿಲ್ಲುವುದಿಲ್ಲ.

ಈ ಲೀಗಿನ ಏರ್ಪಾಡು ಸರಳವಾದುದು. ಒಂದೊಂದು ಕೌಂಟಿಯ ಕ್ಲಬ್ಬುಗಳು ತಮ್ಮ ತಮ್ಮ ತಂಡಗಳನ್ನು ದರ್ಜೆದರ್ಜೆಯಾಗಿ ವಿಂಗಡಿಸಿಕೊಂಡು, ಒಮ್ಮೆ ತಮ್ಮ ಅಂಗಳದಲ್ಲಿ, ಒಮ್ಮೆ ಎದುರಾಳಿಯ ಅಂಗಳದಲ್ಲಿ ಆಡುತ್ತವೆ. ನಿಯಮಗಳು ಊರಿಂದೂರಿಗೆ ಬೇರೆಯಾದರೂ ಸಾಮಾನ್ಯವಾಗಿ ತಂಡವೆಂದರೆ ನಾಲ್ವರು, ಅಂದರೆ ಎರಡು ಜೋಡಿ. ಪ್ರತಿಯೊಂದು ಜೋಡಿಯೂ ಎದುರು ತಂಡದ ಎರಡು ಜೋಡಿಗಳೊಡನೆಯೂ ಆಡಬೇಕು. ಒಟ್ಟು ನಾಲ್ಕು ಆಟ. ಎರಡೆರಡು ಗೆದ್ದು ಸಮನಾಗಿ ಬೀಳ್ಕೊಳ್ಳುವುದೂ ಉಂಟು. ಚಳಿಯಲ್ಲಿ ಆಟ ಬೆಳೆಯದಿರಲೆಂದು ಮೂರನೆಯ ಸೆಟ್ಟಿನ ಬದಲು ಮೊದಲು 10 ಅಂಕ ಪಡೆದವರೇ ಗೆದ್ದರೆಂದು ತೀರ್ಮಾನಿಸುವ ಪದ್ಧತಿ ಹಲವೆಡೆ ಇದೆ. ಆ ಗೆಲುವಿಗೂ ಎರಡು ಅಂಕಗಳ ಮುನ್ನಡೆ ಇರಬೇಕು.

ವಯಸ್ಸಾದವರ ತಂಡಗಳನ್ನು ಹಿಂದೆ 'ವೆಟರನ್' ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿ ಮುಪ್ಪಿನ ವಾಸನೆ ಹೆಚ್ಚೆನಿಸಿತೋ ಏನೋ, ಅಂತರರಾಷ್ಟ್ರೀಯ ಟೆನ್ನಿಸ್ ಒಕ್ಕೂಟವು ಅದನ್ನು 'ಸೀನಿಯರ್' ಎಂದು ಬದಲಿಸಿತು. ಈಗ 'ಮಾಸ್ಟರ್ಸ್' ಎನ್ನುತ್ತದೆ. ಕ್ಲಬ್ಬಿನ ಚಹದ ಮೇಜಿನ ಬಳಿ ಮಾತ್ರ ಹಳೆಯ ಹೆಸರೇ ಬಳಕೆಯಲ್ಲಿದೆ. ಇವರ ವಯಸ್ಸಿನ ವರ್ಗಗಳು ಐದೈದು ವರ್ಷಗಳ ಮೆಟ್ಟಿಲುಗಳಂತೆ ಏರುತ್ತ ಹೋಗುತ್ತವೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಕೊನೆಯ ಮೆಟ್ಟಿಲು 90ರದು. ಇದರಿಂದ ಒಂದು ವಿನೋದವೂ ಒದಗಿದೆ. ಬೇರೆಯವರು ಹುಟ್ಟುಹಬ್ಬದಂದು ನಿಟ್ಟುಸಿರಿಟ್ಟರೆ ಈ ಆಟಗಾರನು 60 ತುಂಬುವುದನ್ನೇ ಎದುರುನೋಡುತ್ತಾನೆ. 59ರಲ್ಲಿ ತನ್ನ ವರ್ಗದ ಮುದುಕನಾಗಿದ್ದವನು 60ರಲ್ಲಿ ಮುಂದಿನ ವರ್ಗದ ಹುಡುಗನಾಗುತ್ತಾನೆ. ಮುಪ್ಪನ್ನು ಬಡ್ತಿಯೆಂದು ಬಗೆಯುವ ಸಂಸ್ಥೆಗಳು ಲೋಕದಲ್ಲಿ ಹೆಚ್ಚಿಲ್ಲ.

ಚಳಿಗಾಲವೂ ಇವರ ಪಕ್ಷವನ್ನು ಕೊಂಚ ವಹಿಸುತ್ತದೆ. ಟೆನ್ನಿಸ್ ಚೆಂಡು ಒಳಗೆ ಗಾಳಿಯ ಒತ್ತಡವನ್ನು ತುಂಬಿದ ರಬ್ಬರಿನ ಗೋಲ. ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 254 ಸೆಂಟಿಮೀಟರು ಎತ್ತರದಿಂದ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರಿನವರೆಗೆ ಪುಟಿಯಬೇಕೆಂಬುದು ನಿಯಮ. ಚಳಿಯಲ್ಲಿ ಒಳಗಿನ ಒತ್ತಡ ಇಳಿಯುತ್ತದೆ, ರಬ್ಬರು ಬಿರುಸಾಗುತ್ತದೆ, ಚೆಂಡು ಮೊಣಕಾಲಿನ ಮಟ್ಟದಲ್ಲಿಯೇ ಸೋತು ಬೀಳುತ್ತದೆ. ಬಲವಾಗಿ ಬಾರಿಸುವ ತರುಣನ ಹೊಡೆತ ಇಲ್ಲಿ ಅರ್ಧ ಬಲವನ್ನು ಕಳೆದುಕೊಂಡರೆ, ಚೆಂಡಿನ ಅಡಿಯನ್ನು ಸವರಿ ನೆಲಮಟ್ಟಕ್ಕೆ ತಳ್ಳುವ ಹಳಬನ ಹೊಡೆತ ಎರಡರಷ್ಟು ಬಾಧಕವಾಗುತ್ತದೆ.

ಇನ್ನು ಜೋಡಿಯಾಟದ ಲೆಕ್ಕಾಚಾರ ಬೇರೆ. ಒಬ್ಬರೆದುರು ಒಬ್ಬರು ಆಡುವ ಅಂಗಳದ ಅಗಲ 27 ಅಡಿ. ಅದಷ್ಟನ್ನೂ ಒಬ್ಬನೇ ಕಾಯಬೇಕು. ಜೋಡಿಯಾಟದಲ್ಲಿ ಅಗಲ 36 ಅಡಿಯಾದರೂ ಇಬ್ಬರಿಗೆ ಹಂಚಿದರೆ ತಲೆಗೆ 18 ಅಡಿ. ಓಟದಲ್ಲಿ ಸೋತ ಕಾಲನ್ನು ನಿಲುವಿನ ಜಾಣತನದಿಂದ ತುಂಬಿಕೊಳ್ಳಲು ಇಷ್ಟು ಸಾಕು. ನಡುವೆ ಬಂದ ಚೆಂಡು ಯಾರದೆಂದು ಕೂಗಿ ಹೇಳಬೇಕು. ಜೊತೆಗಾರನ ಬಲಗಾಲು ನೋಯುತ್ತಿದ್ದರೆ ಆ ಬದಿಗೆ ಒಂದು ಹೆಜ್ಜೆ ಸರಿದು ನಿಲ್ಲಬೇಕು. ಅವನು ಕೆಡಿಸಿದ ಅಂಕಕ್ಕೆ ಮೋರೆ ಸಿಂಡರಿಸಬಾರದು. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಈ ಪಾಠಗಳು ಹೊಸತೇನಲ್ಲ.

ಕ್ಲಬ್ಬಿನ ಆಟಕ್ಕೆ ತೀರ್ಪುಗಾರರೂ ಇಲ್ಲ. ತನ್ನ ಕಡೆಗೆ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಎಂಬುದನ್ನು ಆಟಗಾರನೇ ಸಾರಬೇಕು. ಸಂದೇಹ ಬಂದರೆ ಎದುರಾಳಿಗೇ ಅನುಕೂಲವಾಗಿ ಹೇಳಬೇಕೆಂಬುದು ಆಟದ ಧರ್ಮ. ಕನ್ನಡಕ ಮಂಜಾದ ಬೆಳಗಿನಲ್ಲಿ ಈ ಧರ್ಮದ ಪಾಲನೆ ಸುಲಭವಲ್ಲ. ಆದರೂ ಅದು ನಡೆಯುತ್ತ ಬಂದಿದೆ. ಆಟ ಮುಗಿದ ಮೇಲೆ ಅದೇ ಎದುರಾಳಿಗೆ ಚಹವನ್ನು ಸುರಿದುಕೊಡಬೇಕೆಂಬ ಅರಿವೂ ಇದಕ್ಕೆ ಸಹಾಯಕವಾಗಿರಬೇಕು.

ಜೋಡಿಯಾಟದ ಈ ದಾಕ್ಷಿಣ್ಯವು ಲೋಕಪ್ರಸಿದ್ಧರಿಗೂ ಫಲಿಸಿದೆ. ಅಮೆರಿಕದ ಗಾರ್ಡ್ನರ್ ಮುಲಾಯ್ 1957ರಲ್ಲಿ ಬಡ್ಜ್ ಪ್ಯಾಟಿಯೊಡಗೂಡಿ ವಿಂಬಲ್ಡನ್ನಿನ ಜೋಡಿಯಾಟವನ್ನು ಗೆದ್ದಾಗ ಅವರ ವಯಸ್ಸು 43. ಮುಂದೆ 2016ರಲ್ಲಿ, 103 ತುಂಬಲು ಕೆಲವೇ ದಿನ ಉಳಿದಿರುವಾಗ ಅವರು ತೀರಿಕೊಂಡರು. 80 ದಾಟಿದವರ ಅಂತರರಾಷ್ಟ್ರೀಯ ಪಾರಿತೋಷಕ ಇಂದು ಅವರ ಹೆಸರಿನಲ್ಲಿದೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ನರೊಡನೆ ಆಸ್ಟ್ರೇಲಿಯನ್ ಓಪನ್ ಪ್ರಶಸ್ತಿಯನ್ನು ಪಡೆದಾಗಲೂ ವಯಸ್ಸು 43ೇ ಆಗಿತ್ತು. ಮೊಣಕಾಲಿನ ಮೃದುವಾದ ಮೂಳೆ ಸವೆದುಹೋದ ಮೇಲೆ ತಮ್ಮನ್ನು ಆಟದಲ್ಲಿ ಉಳಿಸಿದುದು ಅಯ್ಯಂಗಾರ್ ಯೋಗವೆಂದು ಅವರು ಹೇಳಿದ್ದುಂಟು. ಇವರೆಲ್ಲರನ್ನೂ ಮೀರಿಸಿದವರು ಉಕ್ರೇನಿನ ಖಾರ್ಕಿವ್ ನಗರದ ಲಿಯೊನಿದ್ ಸ್ಟಾನಿಸ್ಲಾವ್‌ಸ್ಕಿ. 1924ರಲ್ಲಿ ಹುಟ್ಟಿದ ಈತ 2021ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ನಡೆದ ಹಿರಿಯರ ವಿಶ್ವ ಪಂದ್ಯಾವಳಿಯಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, 90 ದಾಟಿದವರ ವರ್ಗದಲ್ಲಿ ಆಡಿದರು.

ಆದರೆ ಊರಿನ ಕ್ಲಬ್ಬಿಗೆ ಬರುವ ಹಿರಿಯನು ಪ್ರಶಸ್ತಿಗಾಗಿ ಬರುವವನಲ್ಲ. ಅವನಿಗೆ ದೊರೆಯುವುದೇನು? ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 8,577 ಜನರನ್ನು 25 ವರ್ಷಗಳವರೆಗೂ ಗಮನಿಸಿದ ಒಂದು ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ವ್ಯಾಯಾಮವಿಲ್ಲದೆ ಕುಳಿತವರಿಗಿಂತ ಟೆನ್ನಿಸ್ ಆಡುವವರು ಸರಾಸರಿ 9.7 ವರ್ಷ ಹೆಚ್ಚು ಬಾಳುವರೆಂದು ಅಲ್ಲಿ ಕಂಡುಬಂತು. ಬ್ಯಾಡ್ಮಿಂಟನ್ ಆಡುವವರಿಗೆ 6.2 ವರ್ಷ, ಈಜುವವರಿಗೆ 3.4 ವರ್ಷ, ಒಂದೇ ಸಮನೆ ಓಡುವವರಿಗೆ 3.2 ವರ್ಷ. ಆಯುಸ್ಸು ಬೆಳೆಯಲು ಆಟವೇ ಕಾರಣವೆಂದು ಇಷ್ಟರಿಂದ ಸಾಧಿಸಿದಂತಾಗುವುದಿಲ್ಲ. ಟೆನ್ನಿಸ್ ಆಡುವವರು ಹುಟ್ಟಿನಿಂದಲೇ ಅನುಕೂಲಸ್ಥರೂ ಆರೋಗ್ಯವಂತರೂ ಆಗಿರಬಹುದು. ಆದರೂ ಒಂಟಿಯಾಗಿ ಬೆವರಿಳಿಸುವವರಿಗಿಂತ ಒಬ್ಬರೊಡನೊಬ್ಬರು ಕೂಡಿ ಆಡುವವರೇ ಪಟ್ಟಿಯ ಮೇಲ್ಗಡೆಗೆ ಇರುವುದನ್ನು ಆ ವಿದ್ವಾಂಸರೂ ಎತ್ತಿ ಹೇಳಿದ್ದಾರೆ. ಅದೇ 2018ರ ಜನವರಿಯಲ್ಲಿ ಬ್ರಿಟಿಷ್ ಸರಕಾರವು ಒಂಟಿತನದ ಸಮಸ್ಯೆಗೆಂದೇ ಒಬ್ಬ ಮಂತ್ರಿಯನ್ನು ನೇಮಿಸಿತು. ಮುಪ್ಪಿನ ಮನೆಗಳ ಮೌನ ಮಂತ್ರಿಮಂಡಲದವರೆಗೂ ಮುಟ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿಯೇ ಚಳಿಗಾಲದ ಲೀಗಿನ ನಿಜವಾದ ಗುಟ್ಟು ಇದೆ. ಸಂಜೆಯ ತಿರುಗಾಟಕ್ಕೆ ಹೋಗದಿದ್ದರೆ ಯಾರಿಗೂ ನಷ್ಟವಿಲ್ಲ. ಉದ್ಯಾನದ ಬೆಂಚು ಖಾಲಿಯಾಗಿದ್ದರೆ ಇನ್ನೊಬ್ಬರು ಕೂಡುತ್ತಾರೆ. ಜೋಡಿಯಾಟಕ್ಕೆ ನಾಲ್ಕನೆಯವನು ಬಾರದಿದ್ದರೆ ಮೂವರು ಸುಮ್ಮನೆ ನಿಲ್ಲಬೇಕು, ಎದುರು ತಂಡದವರು ದೂರದಿಂದ ಬಂದುದು ವ್ಯರ್ಥವಾಗಬೇಕು. ಆದುದರಿಂದ ಶನಿವಾರ ಸಂಜೆ ತಂಡದ ನಾಯಕನು ಟೆಲಿಫೋನು ಹಿಡಿದು ಎಲ್ಲರನ್ನೂ ವಿಚಾರಿಸುತ್ತಾನೆ. ಮಡದಿಯನ್ನು ಕಳೆದುಕೊಂಡು ತಿಂಗಳಾಗಿರುವ ಹಿರಿಯನೊಬ್ಬ ಆ ಪಟ್ಟಿಯಲ್ಲಿದ್ದಾನೆ ಎನ್ನೋಣ. ಬಂಧುಗಳು ಸಮಾಧಾನ ಹೇಳಿ ಮುಗಿಸಿದ್ದಾರೆ. ಮಕ್ಕಳು ಬಂದು ತಮ್ಮ ಊರಿಗೆ ಮರಳಿದ್ದಾರೆ. ನಾಯಕನು ಸಮಾಧಾನದ ಮಾತನ್ನು ಆಡುವುದಿಲ್ಲ. "ನಾಳೆ ಹತ್ತು ಗಂಟೆಗೆ, ಒಬ್ಬರು ಕಡಮೆಯಾಗಿದ್ದಾರೆ" ಎಂದಷ್ಟೇ ಹೇಳುತ್ತಾನೆ. ದುಃಖದಲ್ಲಿರುವವನಿಗೆ ಕನಿಕರವನ್ನು ತೋರುವವರು ಹಲವರು. ನೀನಿಲ್ಲದೆ ನಡೆಯದು ಎಂದು ಹೇಳುವವರು ಕೆಲವರೇ. ಮುಪ್ಪಿನಲ್ಲಿ ಮನುಷ್ಯನಿಗೆ ಹೆಚ್ಚಾಗಿ ಬೇಕಾದುದು ಈ ಎರಡನೆಯ ಮಾತು.

ಮಹಾಮಾರಿಯ ಕಾಲದಲ್ಲಿ ಇದು ಎಲ್ಲರಿಗೂ ಮನವರಿಕೆಯಾಯಿತು. 2020ರ ಮಾರ್ಚಿಯಲ್ಲಿ ಮುಚ್ಚಿದ ಇಂಗ್ಲೆಂಡಿನ ಟೆನ್ನಿಸ್ ಅಂಗಳಗಳು ಮೇ ತಿಂಗಳಿನಲ್ಲಿ ತೆರೆದರೂ ನವೆಂಬರಿನಲ್ಲಿ ಮತ್ತೆ ಮುಚ್ಚಿದುವು. 2021ರ ಜನವರಿಯಲ್ಲಿ ಪುನಃ ಬಿದ್ದ ಬೀಗ ಮಾರ್ಚ್ 29ರವರೆಗೆ ತೆಗೆಯಲಿಲ್ಲ. ಎಳೆಯರಿಗೆ ಅದು ತಪ್ಪಿಹೋದ ಒಂದು ಋತು. 78 ವಯಸ್ಸಿನವರಿಗೆ ಹಾಗಲ್ಲ. ಅವರ ಕೈಯಲ್ಲಿ ಉಳಿದಿರುವ ಋತುಗಳೇ ಎಣಿಕೆಯವು.

ಈ ಏರ್ಪಾಡಿನಲ್ಲಿ ನೋವಿಲ್ಲದಿಲ್ಲ. ಹಿಮ್ಮಡಿಯ ನರ ಹರಿಯುವುದುಂಟು. ಹೃದಯ ನಿಂತರೆ ಮರಳಿ ಮಿಡಿಸುವ ಯಂತ್ರವನ್ನು ಹಲವು ಕ್ಲಬ್ಬುಗಳು ಗೋಡೆಗೆ ತೂಗುಹಾಕಿಕೊಂಡಿವೆ. ಅದಕ್ಕಿಂತ ಕಠಿಣವಾದುದು, ಇನ್ನು ಸಾಕು ಎಂದು ತಾನಾಗಿ ಹೇಳಬೇಕಾದ ದಿನ. ಜೊತೆಗಾರನು ತನಗಾಗಿ ಎರಡು ಹೆಜ್ಜೆ ಹೆಚ್ಚಾಗಿ ಸರಿಯುತ್ತಿದ್ದಾನೆಂದು ತಿಳಿದವನು ಮೊದಲು ಕೆಳಗಿನ ತಂಡಕ್ಕೆ ಇಳಿಯುತ್ತಾನೆ. ಆಮೇಲೆ ಯಾರಾದರೂ ತಪ್ಪಿದಾಗ ಮಾತ್ರ ಆಡುತ್ತಾನೆ. ಕೊನೆಗೆ ರ‍್ಯಾಕೆಟ್ಟನ್ನು ಮನೆಯಲ್ಲಿ ಬಿಟ್ಟು ಚಹದ ಪಾತ್ರೆಯ ಬಳಿ ನಿಲ್ಲುತ್ತಾನೆ. ಹಾಗೆ ಇಳಿದವರ ಸ್ಥಾನಕ್ಕೆ ನಲವತ್ತೈದರ ಹೊಸಬರು ಬಾರದಿದ್ದರೆ ನಾಲ್ವರು ಮೂವರಾಗುತ್ತಾರೆ, ತಂಡವನ್ನು ಲೀಗಿನಿಂದ ಹಿಂತೆಗೆಯಬೇಕಾಗುತ್ತದೆ. ಅಂಕಪಟ್ಟಿಯಲ್ಲಿ ಅದು ಒಂದು ಅಡ್ಡಗೆರೆ ಮಾತ್ರ. ಉಳಿದ ಮೂರು ಮನೆಗಳಲ್ಲಿ ಶನಿವಾರದ ಟೆಲಿಫೋನಿನ ಗಂಟೆ ನಿಂತುಹೋಗುತ್ತದೆ.

ಆದುದರಿಂದ ಯಾವ ಊರಿನ ಹಿರಿಯರಿಗೇ ಆಗಲಿ, ಬಿಡುವಿಗೆ ಒಂದು ಹವ್ಯಾಸವಿದ್ದರೆ ಸಾಲದು. ತಾವು ಹೋಗದಿದ್ದರೆ ಕೆಟ್ಟುಹೋಗುವ ಒಂದು ಕೆಲಸವಿರಬೇಕು. ಅದು ಟೆನ್ನಿಸೇ ಆಗಬೇಕೆಂದಿಲ್ಲ. ಭಜನೆಯ ಮೇಳವಾದೀತು, ಗ್ರಂಥಾಲಯದ ಸಮಿತಿಯಾದೀತು. ಮನೆಯ ಕಿರಿಯರೂ ಒಂದನ್ನು ನೆನೆಯಬಹುದು: ತಂದೆಯವರಿಗೆ ವಿಶ್ರಾಂತಿಯನ್ನು ಕೊಡುವುದು ಒಂದು ಪ್ರೀತಿ, ಅವರನ್ನು ಹತ್ತು ಗಂಟೆಗೆ ಯಾರೋ ಕಾಯುವಂತೆ ಮಾಡುವುದು ಅದಕ್ಕಿಂತ ದೊಡ್ಡ ಪ್ರೀತಿ.