ಊರಿಗೆ ಮರಳಲು ಬಿಡದ ಸಾಲ

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯಿಂದ ಬಂದ ಸುದ್ದಿಯೊಂದು ಕರ್ನಾಟಕವನ್ನು ಕಲಕಿತು. ಮೈಕ್ರೋಫೈನಾನ್ಸ್ ಸಂಸ್ಥೆಗಳ ವಸೂಲಿಗಾರರ ಕಿರುಕುಳಕ್ಕೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ಮರುತಿಂಗಳೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಲು ಅವಕಾಶ ಕಲ್ಪಿಸಿತು. ಸಾಲಕ್ಕೆ ಹೆದರಿ ಊರು ಬಿಡುವವರ ಈ ಚಿತ್ರ ಕನ್ನಡ ನಾಡಿಗೆ ಹೊಸದಲ್ಲ. ಆದರೆ ಅರಬ್ಬಿ ಸಮುದ್ರದಾಚೆಯ ಕುವೈತಿನಲ್ಲಿ ಇದೇ ಸಂಕಟ ತಲೆಕೆಳಗಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಸಾಲಕ್ಕೆ ಸಿಕ್ಕಿಬಿದ್ದವನು ಊರು ಬಿಟ್ಟು ಓಡುವುದಿಲ್ಲ. ಊರಿಗೆ ಮರಳಲಾರದೆ ಉಳಿಯುತ್ತಾನೆ.

ಕುವೈತಿನ ಕಾನೂನು ಸಾಲ ಕೊಟ್ಟವನ ಕೈಗೆ ಒಂದು ಬೀಗದ ಕೈ ಕೊಟ್ಟಿದೆ. ಸಾಲಗಾರ ದೇಶ ಬಿಟ್ಟು ಹೋಗಬಹುದೆಂಬ ಶಂಕೆಗೆ ಕಾರಣವಿದ್ದರೆ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಿ ಅವನ ಮೇಲೆ ಪ್ರಯಾಣ ನಿಷೇಧ ತರಬಹುದು. ನಿಷೇಧವಿರುವುದು ಎಷ್ಟೋ ಜನರಿಗೆ ಗೊತ್ತಾಗುವುದು ವಿಮಾನ ನಿಲ್ದಾಣದ ಕೌಂಟರಿನಲ್ಲಿ, ತಾಯಿಯ ಸಾವಿನ ಸುದ್ದಿ ಕೇಳಿ ಟಿಕೆಟ್ ಹಿಡಿದು ನಿಂತಾಗ. 2023ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸಂಚಾರ ದಂಡ, ವಿದ್ಯುತ್ ಮತ್ತು ದೂರವಾಣಿ ಬಾಕಿಗಳನ್ನೂ ತೀರಿಸದೆ ವಿದೇಶಿಯರು ದೇಶ ಬಿಡುವಂತಿಲ್ಲ ಎಂಬ ನಿಯಮಗಳು ಬಂದವು. 2025ರ ಜುಲೈ 1ರಿಂದ ಖಾಸಗಿ ವಲಯದ ವಲಸೆ ನೌಕರರು ದೇಶದಿಂದ ಹೊರಹೋಗಲು ಉದ್ಯೋಗದಾತನ ಅನುಮತಿಯನ್ನೂ ಪಡೆಯಬೇಕಾಯಿತು. ಸಾಲಕ್ಕಾಗಿ ಬಂಧಿಸುವ ಪದ್ಧತಿಯನ್ನು 2020ರ ದಿವಾಳಿ ಕಾನೂನು ಕೈಬಿಟ್ಟಿತ್ತು. 2025ರ ತಿದ್ದುಪಡಿಯೊಂದರ ಮೂಲಕ ಅದೂ ಮರಳಿ ಬಂದಿದೆ. ಹಣವಿಲ್ಲದ ಖಾತೆಯ ಚೆಕ್ ಕೊಡುವುದಂತೂ ಅಲ್ಲಿ ಕ್ರಿಮಿನಲ್ ಅಪರಾಧ. ಸಾಲ ಇಲ್ಲಿ ಲೆಕ್ಕದ ಪುಸ್ತಕದಲ್ಲಷ್ಟೇ ಉಳಿಯುವುದಿಲ್ಲ, ಮನುಷ್ಯನ ಕಾಲನ್ನೇ ಕಟ್ಟುತ್ತದೆ.

ಈ ಸಾಲ ಹುಟ್ಟುವುದು ಹೆಚ್ಚಾಗಿ ಕುವೈತಿನಲ್ಲಲ್ಲ, ಊರಿನಲ್ಲಿ. ಕುವೈತಿನ ಆರೋಗ್ಯ ಸಚಿವಾಲಯಕ್ಕೆ ನರ್ಸ್‌ಗಳನ್ನು ನೇಮಿಸುವಾಗ ಕೊಚ್ಚಿಯ ಏಜೆನ್ಸಿಯೊಂದು 19,500 ರೂಪಾಯಿ ಪಡೆಯಬೇಕಾದಲ್ಲಿ ತಲಾ 19.5 ಲಕ್ಷ ರೂಪಾಯಿ ವಸೂಲಿ ಮಾಡಿತೆಂಬ ಆರೋಪದ ಮೇಲೆ 2015ರಲ್ಲಿ ಸಿಬಿಐ ಮೊಕದ್ದಮೆ ಹೂಡಿತು. ಅಷ್ಟು ಹಣ ನರ್ಸ್ ಒಬ್ಬಳ ಮನೆಯಲ್ಲಿ ಇರುವುದಿಲ್ಲ. ತೋಟ ಅಡವಿಡಬೇಕು, ಚಿನ್ನ ಗಿರವಿ ಇಡಬೇಕು, ಸಹಕಾರಿ ಸಂಘದ ಬಾಗಿಲು ತಟ್ಟಬೇಕು. ಅಂಥವಳು ವಿಮಾನ ಹತ್ತುವಾಗಲೇ ಸಾಲಗಾರಳು. ಆ ಸಾಲ ತೀರಿಸಲು ಅಲ್ಲಿನ ಬ್ಯಾಂಕಿನಲ್ಲಿ ಸಾಲ. ಬಳಿಕ ಊರಿನಲ್ಲಿ ಮನೆ, ತಂಗಿಯ ಮದುವೆ, ತಮ್ಮನ ಇಂಜಿನಿಯರಿಂಗ್ ಸೀಟು. ರೂಪಾಯಿಯ ಸಾಲ ದಿನಾರಿನ ಸಾಲವಾಗಿ ಬೆಳೆಯುತ್ತದೆ. ಸಾಲದ ಕಂತು ನಿವ್ವಳ ಸಂಬಳದ ನೂರಕ್ಕೆ 40ನ್ನು ಮೀರಬಾರದೆಂದು ಕುವೈತಿನ ಕೇಂದ್ರ ಬ್ಯಾಂಕ್ ಮಿತಿ ಹಾಕಿದೆಯಾದರೂ ಊರಿನ ಸಾಲ, ಚೀಟಿ, ಕೈಸಾಲಗಳು ಆ ಲೆಕ್ಕದೊಳಗೆ ಬರುವುದಿಲ್ಲ.

ಕಂತು ತಪ್ಪುವುದಕ್ಕೆ ದುಂದುವೆಚ್ಚವೇ ಕಾರಣವೆಂಬ ನಂಬಿಕೆ ಪ್ರಬಲವಾಗಿದೆ. ಆದರೆ ವಲಸಿಗನ ಸಂಬಳ ಬ್ಯಾಂಕಿಗೆ ಬರುತ್ತದೆ, ಕಂತು ಅಲ್ಲಿಯೇ ಕಡಿತವಾಗುತ್ತದೆ. ಕೆಲಸವಿರುವವರೆಗೆ ತಪ್ಪಿಸಲು ಅವಕಾಶವೇ ಕಡಿಮೆ. ತಪ್ಪುವುದು ಕೆಲಸ ಹೋದಾಗ, ಕಂಪನಿ ತಿಂಗಳುಗಟ್ಟಲೆ ಸಂಬಳ ತಡೆಹಿಡಿದಾಗ. ಕೆಲಸದ ಜೊತೆಗೆ ಇಕಾಮಾ ಹೋಗುತ್ತದೆ. ಇಕಾಮಾ ಇಲ್ಲದವನಿಗೆ ಸಕ್ರಮ ಕೆಲಸವಿಲ್ಲ, ಕೆಲಸವಿಲ್ಲದವನು ಸಾಲ ತೀರಿಸಲಾರ, ಸಾಲ ತೀರಿಸದವನು ಮರಳಲಾರ. ಉಳಿಯುವ ಹಕ್ಕಿಲ್ಲ, ಹೋಗುವ ಹಕ್ಕೂ ಇಲ್ಲ. ಜೀತವನ್ನು 1976ರ ಕಾಯ್ದೆಯಿಂದ ನಿಷೇಧಿಸಿದ ದೇಶದ ಪ್ರಜೆಗಳು ಹೀಗೆ ಪರದೇಶದಲ್ಲಿ ಹೊಸ ಬಗೆಯ ಜೀತಕ್ಕೆ ಒಳಗಾಗುತ್ತಾರೆ.

ಬ್ಯಾಂಕಿನ ಬಾಗಿಲು ಮುಚ್ಚಿದಾಗ ತೆರೆಯುವುದು ಪಕ್ಕದ ಕೋಣೆಯ ಬಾಗಿಲು. ಅಬ್ಬಾಸಿಯಾ, ಫರ್ವಾನಿಯಾ, ಮೆಹಬೂಲಾಗಳ ಹಂಚಿಕೆಯ ಫ್ಲಾಟುಗಳಲ್ಲಿ ಬಡ್ಡಿಗೆ ಹಣ ಬಿಡುವವನು ಹಲವು ವೇಳೆ ಸಾಲಗಾರನ ಭಾಷೆಯವನೇ, ಊರಿನವನೇ ಆಗಿರುತ್ತಾನೆ. ಅಡವಿಗೆ ಪಾಸ್‌ಪೋರ್ಟ್ ಅಥವಾ ಮೊತ್ತ ಬರೆಯದ, ಸಹಿ ಹಾಕಿದ ಚೆಕ್. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅಡವಿಡುವ ವಸ್ತುವಲ್ಲ. ಆದರೂ ಈ ವ್ಯವಹಾರ ‘ಅಣ್ಣ–ತಮ್ಮ’ ಎಂಬ ಮಾತಿನ ನೆರಳಿನಲ್ಲಿ ನಡೆಯುತ್ತಲೇ ಇದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಸಂಕೇತಿಸುವ ಕನ್ನಡ ಬಾಂಧವ್ಯದ ಒಳಗೇ ಇರುವ ಈ ಶೋಷಣೆಯ ಕುರಿತು ಸಂಘಗಳು ಮೌನವಾಗಿರುವುದು ಆ ಬಾಂಧವ್ಯದ ಟೊಳ್ಳನ್ನು ತೋರಿಸುತ್ತದೆ.

ಸಾಲಗಾರನಿಗೆ ಸಮಾಜ ಕೊಡುವ ಸಲಹೆಗಳು ಎರಡು. ಮೊದಲನೆಯದು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎಂಬ ಬುದ್ಧಿಮಾತು. ಹಾಸಿಗೆಯನ್ನೇ ಏಜೆಂಟ್ ಕಿತ್ತುಕೊಂಡವನಿಗೆ ಈ ಮಾತು ಹೇಳುವುದು ಕ್ರೌರ್ಯ. ಎರಡನೆಯದು, ನಿಷೇಧ ಬೀಳುವ ಮೊದಲೇ ಹಾರಿಹೋಗು ಎಂಬ ಪಿಸುಮಾತು. ಇದರ ಫಲವೇನೆಂಬುದನ್ನು 2024ರ ಡಿಸೆಂಬರ್ ತೋರಿಸಿತು. ಸುಮಾರು 1,400 ಮಲಯಾಳಿಗಳು ಒಟ್ಟು 700 ಕೋಟಿ ರೂಪಾಯಿಯಷ್ಟು ಸಾಲ ಬಾಕಿ ಉಳಿಸಿ ದೇಶ ಬಿಟ್ಟಿದ್ದಾರೆಂದು ಕುವೈತಿನ ಬ್ಯಾಂಕೊಂದು ಕೇರಳ ಪೊಲೀಸರಿಗೆ ದೂರು ನೀಡಿತು. ಅವರಲ್ಲಿ ನೂರಾರು ಮಂದಿ ನರ್ಸ್‌ಗಳು. ಹಲವರು ಅಷ್ಟರಲ್ಲಿ ಬ್ರಿಟನ್, ಕೆನಡಾಗಳನ್ನು ಸೇರಿದ್ದರು. ಬೇರೆ ದೇಶಕ್ಕೆ ಹೋಗುವ ಉದ್ದೇಶದಿಂದಲೇ ಸಾಲ ಎತ್ತಿದವರು ಅವರಲ್ಲಿ ಇರಬಹುದು. ಕೆಲಸ ಕಳೆದುಕೊಂಡು ದಿಕ್ಕುಗಾಣದೆ ಹೋದವರೂ ಇರಬಹುದು. ಪೊಲೀಸ್ ದೂರು ಇವರಿಬ್ಬರನ್ನು ಒಂದೇ ಪಟ್ಟಿಯಲ್ಲಿ ಸೇರಿಸುತ್ತದೆ. ಸಾಲ ಈಗ ಸಮುದ್ರ ದಾಟಬಲ್ಲದು. ಯುಎಇ ನ್ಯಾಯಾಲಯಗಳ ಸಿವಿಲ್ ತೀರ್ಪುಗಳನ್ನು ಭಾರತದಲ್ಲಿ ಜಾರಿಗೊಳಿಸಬಹುದೆಂದು 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಕುವೈತಿನೊಂದಿಗೂ ಭಾರತಕ್ಕೆ ನ್ಯಾಯಾಂಗ ಸಹಕಾರದ ಒಪ್ಪಂದವಿದೆ. ಓಡಿಹೋದವನ ಹಿಂದೆ ಉಳಿಯುವ ಜಾಮೀನುದಾರನ ಪಾಡು ಬೇರೆಯೇ.

ಬುದ್ಧಿಮಾತು ಮತ್ತು ಪಲಾಯನ, ಎರಡೂ ಸಾಲವನ್ನು ಒಬ್ಬನ ಖಾಸಗಿ ವ್ಯವಹಾರವೆಂದು ನೋಡುತ್ತವೆ. ಪ್ರಭುತ್ವಗಳು ಹಾಗೆ ನೋಡಿಲ್ಲ. 2013ರಲ್ಲಿ ಕುವೈತ್ ತನ್ನ ಪ್ರಜೆಗಳ ಹಳೆಯ ಬ್ಯಾಂಕ್ ಸಾಲಗಳ ಬಡ್ಡಿಯ ಹೊರೆ ಇಳಿಸಲು ಕಾನೂನಿನ ಮೂಲಕ ಕುಟುಂಬ ನಿಧಿಯನ್ನು ಸ್ಥಾಪಿಸಿತು. 2021ರಲ್ಲಿ, ಸಾಂಕ್ರಾಮಿಕದ ಎರಡನೆಯ ವರ್ಷ, ಪ್ರಜೆಗಳ ಕಂತುಗಳನ್ನು ಆರು ತಿಂಗಳು ಮುಂದೂಡುವ ಕಾನೂನು ಮಾಡಿತು. ಸಂಕಷ್ಟದಲ್ಲಿ ಸಾಲಕ್ಕೆ ವಿರಾಮ ಬೇಕೆಂಬ ತತ್ತ್ವ ಆ ದೇಶಕ್ಕೆ ಗೊತ್ತಿಲ್ಲದ್ದಲ್ಲ. ಜನಸಂಖ್ಯೆಯ ಮೂರನೆಯ ಎರಡರಷ್ಟಿರುವ ವಲಸಿಗರಿಗೆ ಅದು ಅನ್ವಯಿಸಲಿಲ್ಲ, ಅಷ್ಟೆ. ಕರ್ನಾಟಕವೂ ಇದನ್ನು ಬಲ್ಲದು. ದೇವರಾಜ ಅರಸರ ಆಡಳಿತದಲ್ಲಿ ಬಂದ 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂಹೀನ ಕೂಲಿಗಳ, ದುರ್ಬಲ ವರ್ಗಗಳ ಸಾಲವನ್ನು ರದ್ದುಪಡಿಸಿ ಗಿರವಿ ಇಟ್ಟ ಒಡವೆಗಳನ್ನು ಬಿಡಿಸಿಕೊಟ್ಟಿತು. ಸಾಲ ಕೊಟ್ಟವನಿಗೂ ಪಡೆದವನಿಗೂ ನಡುವೆ ಇರುವುದು ಅಧಿಕಾರದ ಸಂಬಂಧ ಎಂದು ಆ ಕಾಯ್ದೆ ಒಪ್ಪಿಕೊಂಡಿತ್ತು.

ಕುವೈತಿನ ವಲಸಿಗನಿಗೆ ಸಾಲ ಮನ್ನಾ ಸಿಗುವ ಸಾಧ್ಯತೆ ಇಲ್ಲ. ಆದರೆ ಮನ್ನಾಕ್ಕೂ ಪಲಾಯನಕ್ಕೂ ನಡುವೆ ಒಂದು ದಾರಿಯಿದೆ. ಬ್ರಿಟನ್ನಿನಲ್ಲಿರುವ ಓದುಗರಿಗೆ ಸಾಲ ನಿರ್ವಹಣಾ ಯೋಜನೆಯ ಪರಿಚಯವಿರಬಹುದು. ಸಾಲಗಾರನ ಆದಾಯದಿಂದ ಅವಶ್ಯ ಖರ್ಚು ಕಳೆದು, ಉಳಿದದ್ದನ್ನು ಎಲ್ಲ ಸಾಲಗಳಿಗೂ ಅವುಗಳ ಗಾತ್ರಕ್ಕೆ ತಕ್ಕಂತೆ ಹಂಚಲಾಗುತ್ತದೆ. ಮಧ್ಯಸ್ಥ ಸಂಸ್ಥೆಯೊಂದು ಸಾಲ ಕೊಟ್ಟವರೊಡನೆ ಮಾತನಾಡಿ ಬಡ್ಡಿ ನಿಲ್ಲಿಸುವಂತೆ ಕೇಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳಿನಿಂದ, ಸಲಹೆಗಾರರ ಮೂಲಕ ಅರ್ಜಿ ಹಾಕಿದವರಿಗೆ ವಸೂಲಿಯಿಂದ 60 ದಿನಗಳ ಕಾನೂನುಬದ್ಧ ಬಿಡುವೂ ಸಿಗುತ್ತದೆ.

ಇದರ ಲೆಕ್ಕ ಸರಳ. ತಿಂಗಳಿಗೆ 250 ದಿನಾರ್ ಸಂಬಳದ ನೌಕರನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಬಾಡಿಗೆಯ ಪಾಲು, ಊಟ, ಓಡಾಟ, ಫೋನು, ಊರಿಗೆ ಕಳುಹಿಸಲೇಬೇಕಾದ ಹಣ ಸೇರಿ 165 ದಿನಾರ್ ಆದರೆ ಉಳಿಯುವುದು 85. ಬ್ಯಾಂಕಿಗೆ 2,400, ಕೈಸಾಲ 1,000, ಚೀಟಿ ಬಾಕಿ 600 ದಿನಾರ್ ಇದ್ದರೆ ಅನುಕ್ರಮವಾಗಿ 51, 21.25 ಮತ್ತು 12.75 ದಿನಾರಿನಂತೆ ಹಂಚಬೇಕಾಗುತ್ತದೆ. ಎಲ್ಲರೂ ಬಡ್ಡಿ ನಿಲ್ಲಿಸಲು ಒಪ್ಪಿದರೆ ಸುಮಾರು 47 ತಿಂಗಳಲ್ಲಿ ಋಣಮುಕ್ತಿ. ಆದರೆ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಐದರ ಬಡ್ಡಿ ಓಡುತ್ತಿದ್ದರೆ 1,000 ದಿನಾರಿಗೆ ಬಡ್ಡಿಯೇ 50 ದಿನಾರ್, 21.25 ಕಟ್ಟುವವನ ಸಾಲ ಎಂದಿಗೂ ತೀರದು, ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಮೊದಲ ಹೋರಾಟ ಅಸಲಿನದಲ್ಲ, ಬಡ್ಡಿಯದು. ಬ್ಯಾಂಕ್ ಸಂಬಳದಿಂದ ಮೊದಲೇ ಕಂತು ಮುರಿದುಕೊಳ್ಳುವ ಕುವೈತಿನಲ್ಲಿ ಈ ಹಂಚಿಕೆ ನಡೆಯಬೇಕಾದರೆ ಬ್ಯಾಂಕಿನೊಡನೆಯೇ ಮಾತುಕತೆ ಆರಂಭವಾಗಬೇಕು.

ಆ ಮಾತುಕತೆಗೆ ಕಾನೂನಿನಲ್ಲೂ ಬೆಲೆಯಿದೆ. ಪ್ರಯಾಣ ನಿಷೇಧ ತೆರವಾಗುವುದು ಹಣ ಪೂರ್ತಿ ಕಟ್ಟಿದಾಗ ಮಾತ್ರವಲ್ಲ. ಸಾಕಷ್ಟು ಜಾಮೀನು ಒದಗಿಸಿದರೂ, ಸಾಲ ಕೊಟ್ಟವನು ಲಿಖಿತ ಒಪ್ಪಿಗೆ ನೀಡಿದರೂ ತೆರವಾಗುತ್ತದೆ. ಬೀಗದ ಕೈ ಯಾರ ಬಳಿ ಇದೆಯೋ ಅವನೊಡನೆ ಮಾತನಾಡದೆ ಬಾಗಿಲು ತೆರೆಯದು. ಹಾಗಾಗಿ ಕಂತು ತಪ್ಪುವ ಮುನ್ನವೇ, ಕೆಲಸ ಹೋದ ವಾರವೇ, ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಅವಧಿ ವಿಸ್ತರಣೆ ಕೇಳುವುದು ಫೋನ್ ಆಫ್ ಮಾಡುವುದಕ್ಕಿಂತ ಲೇಸು. ಕಟ್ಟಿದ ಪ್ರತಿ ದಿನಾರಿಗೂ ರಸೀದಿ ಬೇಕು. ಸಾಲ ತೀರಿದ ದಿನವೇ ಕೊಟ್ಟ ಚೆಕ್ ವಾಪಸು ಬರಬೇಕು. ತನ್ನ ಮೇಲೆ ನಿಷೇಧವಿದೆಯೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಸರ್ಕಾರದ ಸಹೆಲ್ ಆ್ಯಪಿನಲ್ಲಿ ನೋಡಿಕೊಳ್ಳಬಹುದು. ಸಾಲ ಉದ್ಯೋಗದಾತನದ್ದೇ ಆಗಿದ್ದರೆ ಅದಕ್ಕೆ ಬಡ್ಡಿ ಹಾಕುವಂತಿಲ್ಲ, ಸಂಬಳದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಡಿಯುವಂತಿಲ್ಲ ಎಂದು 2010ರ ಕಾರ್ಮಿಕ ಕಾಯ್ದೆ ಹೇಳುತ್ತದೆ. ಮನೆಕೆಲಸದವರು ಆ ಕಾಯ್ದೆಯ ಹೊರಗಿದ್ದಾರೆ. ಅವರ ನೆರವಿಗೆ ಹೋಗುವವರು 2015ರ ಪ್ರತ್ಯೇಕ ಕಾಯ್ದೆಯನ್ನು ಓದಿಕೊಂಡಿರಬೇಕು. ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಊರಿನ ಮನೆಯವರಿಗೆ ನಿಜ ಹೇಳುವುದು. ಕೊಲ್ಲಿಯ ಸಂಬಳದ ಭ್ರಮೆಯನ್ನು ಉಳಿಸಲೆಂದೇ ಎಷ್ಟೋ ಸಾಲಗಳು ಹುಟ್ಟಿವೆ.

ಆದರೆ ಅರಬ್ಬಿ ಬಾರದ, ರಜೆ ಸಿಗದ, ಹೆದರಿದ ನೌಕರನೊಬ್ಬ ಇಷ್ಟನ್ನೂ ಒಂಟಿಯಾಗಿ ಮಾಡಲಾರ. ಮಧ್ಯಸ್ಥರು ಬೇಕು. ಕುವೈತಿನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಸಮುದಾಯಗಳ ಸಂಘಟನೆಗಳಿವೆ. ಅವುಗಳಲ್ಲಿ ಲೆಕ್ಕಪರಿಶೋಧಕರೂ ಬ್ಯಾಂಕ್ ನೌಕರರೂ ಅರಬ್ಬಿ ಬಲ್ಲವರೂ ಇದ್ದಾರೆ. ತಾರೆಯರನ್ನು ಕರೆಸುವ ಒಂದು ಸಂಜೆಯ ಖರ್ಚಿನಲ್ಲಿ ಅವರೆಲ್ಲ ಸೇರಿ ವರ್ಷಪೂರ್ತಿ ಸಾಲ ಸಲಹಾ ಕೇಂದ್ರವೊಂದನ್ನು ನಡೆಸಬಹುದು. ರಾಯಭಾರ ಕಚೇರಿಗಳ ಭಾರತೀಯ ಸಮುದಾಯ ಕಲ್ಯಾಣ ನಿಧಿ 2009ರಿಂದ ಇದೆ. ಪ್ರತಿ ಕಾನ್ಸುಲರ್ ಸೇವೆಯ ಮೇಲೆ ವಲಸಿಗರೇ ಕಟ್ಟುವ ಅಲ್ಪ ಶುಲ್ಕದಿಂದ ಅದು ಬೆಳೆದಿದೆ. ಪ್ರಯಾಣ ನಿಷೇಧಕ್ಕೊಳಗಾದ ಬಡ ನೌಕರರ ಪರವಾಗಿ ವಕೀಲರನ್ನೂ ಸಂಧಾನಕಾರರನ್ನೂ ನೇಮಿಸಲು ಆ ಹಣ ಬಳಕೆಯಾಗಲಿ ಎಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಕೇರಳ 1996ರಲ್ಲೇ ವಲಸಿಗರಿಗಾಗಿ ನೋರ್ಕಾ ಇಲಾಖೆ ಸ್ಥಾಪಿಸಿ, ಮುಂದೆ ಕೊಲ್ಲಿಯಲ್ಲಿ ಕಾನೂನು ನೆರವಿನ ಯೋಜನೆಯನ್ನೂ ರೂಪಿಸಿತು. ಮೈಕ್ರೋಫೈನಾನ್ಸ್ ವಸೂಲಿಗಾರರಿಂದ ಹಳ್ಳಿಯ ಹೆಂಗಸರನ್ನು ರಕ್ಷಿಸಲು ಕಾನೂನು ಮಾಡಿದ ಕರ್ನಾಟಕ, ಅದೇ ಹೆಂಗಸರ ಮಗಳನ್ನು ಲಕ್ಷಾಂತರ ರೂಪಾಯಿಯ ಸಾಲದೊಂದಿಗೆ ವಿಮಾನ ಹತ್ತಿಸುವ ಏಜೆಂಟರ ಬಗೆಗೂ ಅಷ್ಟೇ ಕಟುವಾಗಿರಬೇಕು.

ಸಾಲ ತೀರಿಸಬಾರದೆಂದು ಯಾರೂ ಹೇಳುತ್ತಿಲ್ಲ. ಕುವೈತಿನ ಕನ್ನಡಿಗರಲ್ಲಿ ಬಹುಪಾಲು ಜನ ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿಯೇ ಇದ್ದಾರೆ. ತೀರಿಸಲು ಬೇಕಾದ ಕಾಲ, ಕೆಲಸ, ಮತ್ತು ತಾಯಿಯ ಮಣ್ಣಿಗೆ ಹೋಗಿಬರುವ ಅವಕಾಶವನ್ನು ಕಸಿದುಕೊಂಡು ‘ತೀರಿಸು’ ಎನ್ನುವ ವ್ಯವಸ್ಥೆಯನ್ನು ಮಾತ್ರ ಪ್ರಶ್ನಿಸಬೇಕಾಗಿದೆ. ಮುಂದಿನ ಬಾರಿ ವಿಮಾನ ನಿಲ್ದಾಣದ ಕೌಂಟರಿನಿಂದ ಒಬ್ಬ ಕನ್ನಡಿಗ ಹಿಂದಿರುಗಿ ಬಂದಾಗ ಅವನು ಫೋನ್ ಮಾಡಬಹುದಾದ ಒಂದು ಸಂಖ್ಯೆ ಇರಬೇಕು, ಆ ಕಡೆಯಿಂದ ಕನ್ನಡದಲ್ಲಿ ಉತ್ತರ ಬರಬೇಕು. ಸಂಘಗಳು ಈ ವರ್ಷ ಇಷ್ಟನ್ನಾದರೂ ಮಾಡಬಹುದು.