ಲೆಕ್ಕದ ಹಾಳೆಗೂ ಬೇಕು ಬೀಗ

ಈಗ ಎಷ್ಟೋ ಮಹಿಳಾ ಸಂಘಗಳ ಲೆಕ್ಕ ರಟ್ಟಿನ ಪುಸ್ತಕ ಬಿಟ್ಟು ಫೋನಿನೊಳಗೆ ಬಂದು ಕೂತಿದೆ. ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ಮಾಡಿ ನಾಲ್ಕಾರು ಮಂದಿ ಹಂಚಿಕೊಂಡರೆ ಸಾಕು, ಅವರವರ ಮನೆಯಿಂದಲೇ ಕಂತು ತುಂಬಬಹುದು. ಅನುಕೂಲವೇನೋ ನಿಜ. ಆದರೆ ನಾಲ್ಕು ಕೈ ಆಡುವ ಅಡಿಗೆಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬೀಳುವ ಹಾಗೆ ಇಲ್ಲೂ ಒಂದು ತೊಡಕು ಉಂಟು.

ಹೀಗೆ ಇಟ್ಟುಕೊಳ್ಳಿ. ಒಬ್ಬೊಬ್ಬ ಸದಸ್ಯೆಗೂ ಒಂದೊಂದು ಸಾಲು. ಬಿ, ಸಿ, ಡಿ, ಇ ಮನೆಗಳಲ್ಲಿ ನಾಲ್ಕು ವಾರದ ಉಳಿತಾಯ, ವಾರಕ್ಕೆ 100 ರೂಪಾಯಿ. ಎಫ್ ಮನೆಯಲ್ಲಿ ಒಟ್ಟು ಮೊತ್ತ. ಅಲ್ಲಿರುವುದು ಬರೀ ಅಂಕಿಯಲ್ಲ, ‘ಈ ನಾಲ್ಕನ್ನೂ ಕೂಡು’ ಎಂಬ ಸೂತ್ರ. ಇದನ್ನೇ ಫಾರ್ಮುಲಾ ಅನ್ನುವುದು. ಮೂರು ವಾರ ಕಳೆದಾಗ ಅದು 300 ತೋರಿಸುತ್ತದೆ. ಯಾರೋ ಗೊತ್ತಿಲ್ಲದೆ ಅದೇ ಮನೆಯಲ್ಲಿ 300 ಎಂದು ಬರೆದುಬಿಟ್ಟರು ಅನ್ನಿ. ನೋಡೋದಕ್ಕೆ ಏನೂ ವ್ಯತ್ಯಾಸವಿಲ್ಲ! ಆದರೆ ಸೂತ್ರ ಅಳಿಸಿಹೋಯಿತು. ನಾಲ್ಕನೆಯ ವಾರ 100 ತುಂಬಿದರೂ ಒಟ್ಟು 300ರಲ್ಲೇ ನಿಂತಿರುತ್ತದೆ. ಆಕೆಯ ನೂರು ರೂಪಾಯಿ ಎಲ್ಲಿ ಹೋಯಿತು? ಮಾತು ಬರುವುದು ಲೆಕ್ಕ ಬರೆಯುವಾಕೆಯ ಮೇಲೆ. ಹುಡುಕಿದರೆ ನೂರು ರೂಪಾಯಿ ಸಿಕ್ಕೀತು, ಕಳೆದ ನಂಬಿಕೆ ಅಷ್ಟು ಬೇಗ ಸಿಗುವುದಿಲ್ಲ.

ಆದ್ದರಿಂದ ಸೂತ್ರದ ಮನೆಗಳಿಗೆ ಮೊದಲೇ ಬೀಗ ಹಾಕಿ. ಈ ಕೆಲಸಕ್ಕೆ ಫೋನಿಗಿಂತ ಕಂಪ್ಯೂಟರ್ ವಾಸಿ.

ಗೂಗಲ್ ಶೀಟ್ಸ್‌ನಲ್ಲಿ: ಒಟ್ಟು ಮೊತ್ತದ ಮನೆಗಳನ್ನು ಮೇಲಿನಿಂದ ಕೆಳಗಿನವರೆಗೆ ಆರಿಸಿಕೊಳ್ಳಿ. ಮೇಲಿನ ‘ಡೇಟಾ’ ಒತ್ತಿ, ‘ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್’ ಆರಿಸಿ. ಬಲಗಡೆ ತೆರೆಯುವ ಪಟ್ಟಿಯಲ್ಲಿ ‘ಸೆಟ್ ಪರ್ಮಿಷನ್ಸ್’ ಒತ್ತಿ, ‘ಓನ್ಲಿ ಯು’ ಎಂದು ಗುರುತಿಸಿ ‘ಡನ್’ ಮಾಡಿ. ಕಂತಿನ ಮನೆಗಳು ಎಲ್ಲರಿಗೂ ತೆರೆದೇ ಇರುತ್ತವೆ.

ಎಕ್ಸೆಲ್‌ನಲ್ಲಿ: ಇಲ್ಲಿ ಕ್ರಮ ತಿರುಗುಮುರುಗು. ಎಲ್ಲ ಮನೆಗೂ ಬೀಗ ಮೊದಲೇ ಜೋಡಿಸಿದೆ, ಕೀಲಿ ಮಾತ್ರ ತಿರುಗಿಸಿಲ್ಲ. ಆದ್ದರಿಂದ ಅಂಕಿ ತುಂಬುವ ಮನೆಗಳನ್ನು ಆರಿಸಿ, ‘ಫಾರ್ಮ್ಯಾಟ್ ಸೆಲ್ಸ್’ನ ‘ಪ್ರೊಟೆಕ್ಷನ್’ ಭಾಗದಲ್ಲಿ ‘ಲಾಕ್ಡ್’ ಗುರುತು ತೆಗೆಯಿರಿ. ಆಮೇಲೆ ‘ರಿವ್ಯೂ’ನಲ್ಲಿ ‘ಪ್ರೊಟೆಕ್ಟ್ ಶೀಟ್’ ಒತ್ತಿ. ಗುರುತು ತೆಗೆಯುವುದನ್ನು ಮರೆತರೆ ಯಾರೂ ಏನೂ ಬರೆಯಲಾಗದು! ಪಾಸ್‌ವರ್ಡ್ ಕೊಟ್ಟರೆ ಮನೆಯಲ್ಲೊಂದು ಕಡೆ ಬರೆದಿಡಿ. ಮರೆತುಹೋದರೆ ಕಂಪನಿಯವರೂ ಅದನ್ನು ಹುಡುಕಿ ಕೊಡಲಾರರು.

ಇನ್ನು ಕೆಲವು ಕಿವಿಮಾತು:

• ಬೀಗದ ಮನೆಗಳಿಗೆ ತಿಳಿ ಹಳದಿ ಬಣ್ಣ ಕೊಡಿ. ‘ಹಳದಿ ಮುಟ್ಟಬೇಡಿ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

• ಗೂಗಲ್ ಶೀಟ್ಸ್‌ನಲ್ಲಿ ‘ಕಸ್ಟಮ್’ ಆರಿಸಿ ಇನ್ನೊಬ್ಬ ನಂಬಿಕಸ್ಥರನ್ನೂ ಸೇರಿಸಿ. ನೀವು ಊರಿಗೆ ಹೋದಾಗ ಕೆಲಸ ನಿಲ್ಲಬಾರದಲ್ಲ?

• ಈ ಬೀಗ ತಿದ್ದುವುದನ್ನು ತಡೆಯುತ್ತದೆಯೇ ಹೊರತು ನೋಡುವುದನ್ನಲ್ಲ. ಗುಟ್ಟಿನ ವಿಷಯ ಹಂಚಿದ ಹಾಳೆಯಲ್ಲಿ ಬೇಡವೇ ಬೇಡ.

• ಸೂತ್ರ ಆಗಲೇ ಅಳಿಸಿದ್ದರೆ ಗಾಬರಿ ಬೇಡ. ಗೂಗಲ್ ಶೀಟ್ಸ್‌ನ ‘ಫೈಲ್’ನಲ್ಲಿ ‘ವರ್ಷನ್ ಹಿಸ್ಟರಿ’ ತೆರೆದರೆ ಹಿಂದಿನ ಹಾಳೆ ಸಿಗುತ್ತದೆ.

ಬೀಗ ಹಾಕಿದ ಮೇಲೆ ಇನ್ನೊಬ್ಬ ಸದಸ್ಯೆಗೆ ಅವರ ಫೋನಿನಿಂದ ಬರೆದು ನೋಡಲು ಹೇಳಿ. ಕಂತಿನ ಮನೆ ಅಂಕಿ ತೆಗೆದುಕೊಂಡು, ಒಟ್ಟಿನ ಮನೆ ಬೇಡವೆಂದರೆ ನಿಮ್ಮ ಕೆಲಸ ಸರಿಯಾಗಿದೆ ಎಂದರ್ಥ.